ನೋವಿನ ವಾಲೀಕಾರ

ಹಸಿವೆಯನ್ನು ಬಾಡಿದ ಮೋರೆ ತೋರಿಸುವದು. ಜ್ವರವನ್ನು ಮೈಯ ಕಾವು ತೋರಿಸುವದು. ಗಾಯವನ್ನು ನೆತ್ತರು ತೋರಿಸುವದು. ಬಹುಕಾಲದ ನೋವಿಗೆ ಮಾತ್ರ ಹೊರಗೆ ತೋರಿಸಲು ಯಾವ ಗುರುತೂ ಇಲ್ಲ. ಅದನ್ನು ಉಂಡವನೇ ಬಲ್ಲನು. ಒಂದೇ ಮನೆಯಲ್ಲಿ ಉಂಡು ಮಲಗುವವರಿಗೂ ಅದು ಕಾಣದು. ಆದುದರಿಂದ ಮೂರು ತಿಂಗಳು ಮೀರಿ ಮೈಯಲ್ಲಿ ನೆಲೆಯೂರಿದ ನೋವುಳ್ಳವನಿಗೆ ಎರಡು ಬಗೆಯ ಕಷ್ಟಗಳು ಗಂಟು ಬೀಳುವವು. ನೋವನ್ನು ತಾಳುವದು ಒಂದು. ಅದು ನಿಜವಾಗಿಯೂ ಇದೆಯೆಂದು ಇತರರನ್ನು ನಂಬಿಸುವದು ಇನ್ನೊಂದು. ಎರಡನೆಯದೇ ಹೆಚ್ಚು ದಣಿಸುವದೆಂದು ಅನುಭವಿಗಳು ಹೇಳುವದುಂಟು.

ಹಳ್ಳಿಯ ಹಳೆಯ ವ್ಯವಸ್ಥೆಯಲ್ಲಿ ವಾಲೀಕಾರನೆಂಬವನೊಬ್ಬನಿದ್ದನು. ಹೊಲದಲ್ಲಿ ಕಳವಾದರೆ, ಕೆರೆಯ ಒಡ್ಡು ಬಿರಿದರೆ, ಬಣವಿಗೆ ಬೆಂಕಿ ಹತ್ತಿದರೆ ಚಾವಡಿಗೆ ಓಡಿ ಬಂದು ಗೌಡನಿಗೆ ಸುದ್ದಿ ಮುಟ್ಟಿಸುವದು ಅವನ ಕೆಲಸ. ದೇಹದಲ್ಲಿ ನರಗಳದೂ ಅದೇ ಉದ್ಯೋಗ. ಕಾಲಿಗೆ ಮುಳ್ಳು ನಟ್ಟ ಸುದ್ದಿಯನ್ನು ಅವು ಮಿದುಳಿಗೆ ಒಯ್ಯುತ್ತವೆ. ಅಷ್ಟರಲ್ಲಿಯೇ ಬೆನ್ನುಹುರಿಯು ಕಾಲನ್ನು ಎತ್ತಿಸಿರುತ್ತದೆ. ಹೊಸ ನೋವು ಹೀಗೆ ಮನುಷ್ಯನ ಹಿತಚಿಂತಕನೇ ಸರಿ. ಹಳೆಯ ನೋವಿನ ರೀತಿ ಬೇರೆ. ಅದರ ವಾಲೀಕಾರನು ಆರಿಸಲಿಕ್ಕೆ ಬಾರದ ಬೆಂಕಿಯ ಸುದ್ದಿಯನ್ನೇ, ಕೆಲವೊಮ್ಮೆ ಆರಿಹೋದ ಬೆಂಕಿಯ ಸುದ್ದಿಯನ್ನೂ, ಹಗಲಿರುಳು ಕೂಗುತ್ತಿರುವನು. ಗೌಡನಿಗೆ ನಿದ್ದೆ ಇಲ್ಲ. ಮನೆಯವರಿಗೆ ನೆಮ್ಮದಿ ಇಲ್ಲ. ಇಂಥ ವಾಲೀಕಾರನ ಬಾಯನ್ನು ಕೆಲವು ತಿಂಗಳ ಮಟ್ಟಿಗೆ ಕಟ್ಟುವ ಚಿಕಿತ್ಸೆಯೊಂದುಂಟು. ವೈದ್ಯರು ಅದನ್ನು ರೇಡಿಯೋಫ್ರೀಕ್ವೆನ್ಸಿ ಅಬ್ಲೇಶನ್ ಎನ್ನುವರು. ಮಾಡಿಸಿಕೊಂಡವರು ‘ನರ ಸುಡಿಸಿಕೊಂಡು ಬಂದೆ’ ಎಂದು ಸುಲಭವಾಗಿ ಹೇಳಿಬಿಡುವರು.

ನೋವಿಗೆ ಬೆಂಕಿಯನ್ನು ಮದ್ದಾಗಿ ಹಚ್ಚುವದು ಈ ನಾಡಿಗೆ ಹೊಸದಲ್ಲ. ಬಾಗಲಕೋಟೆಯ ಸುತ್ತಿನ ಹಳ್ಳಿಗಳಲ್ಲಿ ಮುಪ್ಪಿನವರ ಮೊಣಕಾಲನ್ನೋ ಸೊಂಟವನ್ನೋ ನೋಡಿದರೆ ಚುಟಿಗೆಯ ಹಳೆಯ ಕಲೆಗಳು ಈಗಲೂ ಕಂಡಾವು. ಕಾದ ಕಬ್ಬಿಣವನ್ನೋ ಬಳೆಯ ಚೂರನ್ನೋ ನೋಯುವ ಜಾಗಕ್ಕೆ ಮುಟ್ಟಿಸಿ ತೆಗೆಯುವ ಈ ಪದ್ಧತಿಯಿಂದ ಸುಟ್ಟದ್ದು ಚರ್ಮವೇ ಹೊರತು ಒಳಗಿನ ನರವಲ್ಲ. ಕೂಸುಗಳಿಗೆ ಚುಟಿಗೆ ಹಾಕಿ ಅನಾಹುತ ಮಾಡಿದ್ದೂ ಉಂಟು. ಶಾಸ್ತ್ರದಲ್ಲಿಯೂ ಬೆಂಕಿಗೆ ಸ್ಥಾನವಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ೧೨ನೆಯ ಅಧ್ಯಾಯವು ಅಗ್ನಿಕರ್ಮಕ್ಕೇ ಮೀಸಲು. ಯಾವ ಭಾಗಕ್ಕೆ ಯಾವ ವಸ್ತುವಿನಿಂದ ಕಾವು ಕೊಡಬೇಕು, ಯಾವ ಋತುವಿನಲ್ಲಿ ಕೊಡಬಾರದು ಎಂಬದನ್ನು ಅಲ್ಲಿ ವಿವರಿಸಿದೆ. ಔಷಧ, ಶಸ್ತ್ರ, ಕ್ಷಾರಗಳಿಗೆ ಬಗ್ಗದ ವ್ಯಾಧಿಯು ಅಗ್ನಿಗೆ ಬಗ್ಗುವದೆಂದೂ, ಹಾಗೆ ಸುಟ್ಟ ವ್ಯಾಧಿ ಮರಳಿ ಬಾರದೆಂದೂ ಅದರ ಅಭಿಪ್ರಾಯ. ಇಂದಿನ ವೈದ್ಯನು ಈ ಕೊನೆಯ ಮಾತನ್ನು ಮಾತ್ರ ಆಡಲಾರನು. ಮರಳಿ ಬರಬಹುದೆಂದು ಅವನು ಮೊದಲೇ ಹೇಳಿಬಿಡುವನು. ಹಳೆಯ ಬೆಂಕಿಗೂ ಹೊಸ ಬೆಂಕಿಗೂ ಇರುವ ದೊಡ್ಡ ಭೇದ ಇದೇ. ರೋಗಿಯು ತಿಳಿದುಕೊಳ್ಳಬೇಕಾದ ಮುಖ್ಯ ಸಂಗತಿಯೂ ಇದೇ.

ಹೊಸ ಬೆಂಕಿಯ ಚರಿತ್ರೆ ನೂರು ವರುಷಗಳಿಗಿಂತ ಕಡಿಮೆಯದು. ಮುಖದ ನರಶೂಲೆಗಾಗಿ ಜರ್ಮನಿಯ ಕಿರ್ಶ್ನರನೆಂಬ ಶಸ್ತ್ರವೈದ್ಯನು ೧೯೩೦ರ ದಶಕದಲ್ಲಿ ಕೆನ್ನೆಯ ಮೂಲಕ ಸೂಜಿಯನ್ನು ಸೇರಿಸಿ ವಿದ್ಯುತ್ತಿನಿಂದ ನರದ ಗಂಟನ್ನು ಸುಡುವದಕ್ಕೆ ತೊಡಗಿದನು. ಅಮೇರಿಕೆಯ ಸ್ವೀಟ್ ಹಾಗೂ ವೆಪ್ಸಿಕ್ ಎಂಬವರು ೧೯೭೪ರಲ್ಲಿ ಆ ಕ್ರಮವನ್ನು ಅಳತೆಗೆ ಒಳಪಡಿಸಿ, ಕಾವನ್ನು ಹಿಡಿತದಲ್ಲಿಡುವ ರೀತಿಯನ್ನು ತೋರಿಸಿದರು. ಅದೇ ದಶಕದಲ್ಲಿ ಶೀಲಿ ಎಂಬ ಅಮೇರಿಕನ್ ವೈದ್ಯನು ಬೆನ್ನೆಲುಬಿನ ಸಣ್ಣ ಕೀಲುಗಳ ನರಗಳಿಗೆ ಇದನ್ನು ಅನ್ವಯಿಸಿದನು. ೨೦೧೧ರಲ್ಲಿ ಕೊರಿಯಾದ ವೈದ್ಯರು ಸವೆದ ಮೊಣಕಾಲಿನ ನರಗಳ ಮೇಲೆ ಪ್ರಯೋಗಿಸಿ ಫಲವನ್ನು ಪ್ರಕಟಿಸಿದರು. ಬೆನ್ನು, ಮೊಣಕಾಲು, ಮುಖ ಈ ಮೂರು ನೆಲೆಗಳಲ್ಲಿಯೂ ರೋಗಿಗಳ ಅನುಭವ ಬೇರೆ ಬೇರೆಯಾಗಿರುವದು. ಒಂದೊಂದನ್ನೇ ನೋಡುವದು ಯೋಗ್ಯ.

ಇಳಕಲ್ಲ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಅದರ ಕೆಂಪು ಸೆರಗನ್ನೂ ದಡಿಯನ್ನೂ ಹೊಗಳುವವರು ಬಹಳ. ಅದನ್ನು ನೇಯುವವನ ಸೊಂಟದ ವಿಚಾರ ಮಾಡುವವರು ಕಡಿಮೆ. ಕುಣಿಮಗ್ಗದ ನೇಕಾರನು ನೆಲದ ಅಂಚಿಗೆ ಕುಳಿತು, ಕಾಲುಗಳನ್ನು ಕುಣಿಯಲ್ಲಿ ಇಳಿಬಿಟ್ಟು, ಅಡಿಯಲ್ಲಿಯ ಹಲಗೆಗಳನ್ನು ತುಳಿಯುತ್ತ, ಒಂದು ಕೈಯಿಂದ ಲಾಳಿಯನ್ನು ಓಡಿಸುತ್ತ, ಇನ್ನೊಂದರಿಂದ ಹೊಕ್ಕನ್ನು ಬಡಿಯುತ್ತ ದಿನವನ್ನು ಕಳೆಯಬೇಕು. ಬೆನ್ನಿಗೆ ಆನಿಕೆಯಿಲ್ಲ. ಅಂಥ ಒಬ್ಬ ನೇಕಾರನಿಗೆ ಐವತ್ತೆಂಟರ ವಯಸ್ಸಿನಲ್ಲಿ ಸೊಂಟದ ನೋವು ನಾಲ್ಕು ವರುಷ ಹಳೆಯದಾಗಿತ್ತು. ಕುಳಿತಲ್ಲಿಂದ ಏಳುವಾಗ, ಹಿಂದಕ್ಕೆ ಬಾಗುವಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಅವನ ಬಾಯಿಂದ ‘ಯವ್ವಾ’ ಎಂಬದೊಂದೇ ಶಬ್ದ. ಎಣ್ಣೆ ತಿಕ್ಕಿದ್ದಾಯಿತು, ಗುಳಿಗೆ ನುಂಗಿದ್ದಾಯಿತು, ಬೆಲ್ಟು ಕಟ್ಟಿದ್ದಾಯಿತು. ಬಾಗಲಕೋಟೆಯ ನವನಗರದಲ್ಲಿ ಚಿತ್ರ ತೆಗೆಸಿದಾಗ ‘ವಯಸ್ಸಿನ ಸವೆತ, ಅಷ್ಟೇ’ ಎಂದರು. ಆ ‘ಅಷ್ಟೇ’ ಎಂಬ ಮಾತನ್ನು ಅವನು ಬಹುದಿವಸ ಮರೆಯಲಿಲ್ಲ. ಮಗನೂ ಅದನ್ನು ಕೇಳಿಕೊಂಡಿದ್ದನು. ಅಂದಿನಿಂದ ತಂದೆಯು ಮಗ್ಗ ಬಿಟ್ಟು ಎದ್ದಾಗಲೆಲ್ಲ ಮಗನ ಕಣ್ಣಲ್ಲಿ ಒಂದು ಪ್ರಶ್ನೆ ಕಾಣಿಸಹತ್ತಿತು.

ಕೊನೆಗೆ ಹುಬ್ಬಳ್ಳಿಯಲ್ಲಿ ನೋವಿನ ಚಿಕಿತ್ಸೆಯನ್ನೇ ಮಾಡುವ ವೈದ್ಯರೊಬ್ಬರು ಅವನನ್ನು ಪರೀಕ್ಷಿಸಿದರು. ಬೆನ್ನೆಲುಬಿನ ಮಣಿಗಳು ಹಿಂಭಾಗದಲ್ಲಿ ಜೋಡಿ ಜೋಡಿಯಾಗಿ ಸಣ್ಣ ಕೀಲುಗಳಿಂದ ಒಂದಕ್ಕೊಂದು ಕೂಡಿಕೊಂಡಿವೆ. ಪ್ರತಿಯೊಂದು ಕೀಲಿನ ಸುದ್ದಿಯನ್ನು ಎರಡು ಎಳೆನರಗಳು ಒಯ್ಯುತ್ತವೆ. ನೋವು ಆ ಕೀಲಿನದೇ ಹೌದೋ ಅಲ್ಲವೋ ಎಂಬದನ್ನು ಚಿತ್ರವು ಹೇಳಲಾರದು. ಅದಕ್ಕಾಗಿ ಮೊದಲು ಪರೀಕ್ಷೆಯ ಸೂಜಿಯೊಂದುಂಟು. ಆ ಎಳೆನರದ ಬುಡಕ್ಕೆ ಮರಗಟ್ಟಿಸುವ ಔಷಧದ ಕೆಲವು ಹನಿಗಳನ್ನು ಬಿಡುವರು. ಕೆಲವು ತಾಸು ನೋವು ಅರ್ಧಕ್ಕಿಂತ ಹೆಚ್ಚು ಇಳಿದರೆ ಗುರಿ ಸರಿಯಾಯಿತೆಂದು ತಿಳಿಯುವರು. ಎಚ್ಚರಿಕೆಯುಳ್ಳವರು ಇನ್ನೊಂದು ದಿವಸ ಅದನ್ನೇ ಮಾಡಿ ನೋಡುವರು. ಇಳಿಯದಿದ್ದರೆ ಸುಡುವದರಿಂದ ಲಾಭವಿಲ್ಲ. ಕಾಲಿನ ತುದಿಯವರೆಗೆ ಹರಿಯುವ, ಮಣಿಗಳ ನಡುವಿನ ಗಾದಿ ಜರಿದು ಬಂದ ನೋವಿಗೆ ಇದು ಮದ್ದಲ್ಲ.

ಇಲ್ಲಿ ನೇಕಾರನಿಗೆ ಹೊಸದೊಂದು ತೊಡಕು ಬಂದಿತು. “ಸೊನ್ನೆಯಿಂದ ಹತ್ತರೊಳಗ ನಿಮ್ಮ ನೋವು ಎಷ್ಟು ಐತಿ, ಯಜಮಾನ್ರ?” ಎಂದು ವೈದ್ಯರು ಕೇಳಿದರು. ಅವನ ಬಳಿ ನೋವಿಗೆ ಹೆಸರುಗಳು ಬೇಕಾದಷ್ಟಿದ್ದವು: ಸೆಳೆತ, ಚುಚ್ಚು, ಜಗ್ಗುವದು, ಉರಿ, ಹಿಡಿದುಕೊಳ್ಳುವದು. ಅಂಕಿ ಒಂದೂ ಇರಲಿಲ್ಲ. ಕಡಿಮೆ ಹೇಳಿದರೆ ಮನೆಗೆ ಕಳಿಸಿಯಾರು, ಹೆಚ್ಚು ಹೇಳಿದರೆ ನಾಟಕವೆಂದಾರು ಎಂಬ ಅಂಜಿಕೆಯಿಂದ ಅವನು ಹೆಂಡತಿಯ ಮುಖವನ್ನು ನೋಡಿದನು. ಅವಳೇ ಹೇಳಿದಳು: “ಎಂಟು ಅಂತ ಬರಕೋರಿ, ಸಾಹೇಬ್ರ. ರಾತ್ರಿ ಮಗ್ಗಲಾ ಹೊಳ್ಳೂಮುಂದ ಹತ್ತು.” ನಾಲ್ಕು ವರುಷಗಳಲ್ಲಿ ಬೇರೊಬ್ಬರು ತನ್ನ ನೋವಿಗೆ ಸಾಕ್ಷಿ ನುಡಿದದ್ದು ಅದೇ ಮೊದಲು.

ಪರೀಕ್ಷೆಯ ಸೂಜಿಯಾದ ಮೇಲೆ ಅವನು ಆಸ್ಪತ್ರೆಯ ಅಂಗಳದಲ್ಲಿ ಅಡ್ಡಾಡಿದನು, ಬಾಗಿ ಚಪ್ಪಲಿಯನ್ನು ಎತ್ತಿಕೊಂಡನು, ಮೆಟ್ಟಿಲೇರಿ ಇಳಿದನು. ಮರೆತೇಹೋಗಿದ್ದ ಹಗುರು ಮೈಗೆ ಬಂದಿತ್ತು. ಬಸ್ಸು ಹಿಡಿದು ಊರು ಮುಟ್ಟುವಷ್ಟರಲ್ಲಿ ಔಷಧದ ಬಲ ತೀರಿ, ನೋವು ತನ್ನ ಜಾಗಕ್ಕೆ ಬಂದು ಕುಳಿತಿತು. ಈ ಪರೀಕ್ಷೆಯ ರಾತ್ರಿಯೇ ಎಲ್ಲಕ್ಕಿಂತ ಕಠಿಣವೆಂದು ಹೇಳುವ ರೋಗಿಗಳುಂಟು. ಬಹುದಿವಸ ಕತ್ತಲೆಯಲ್ಲಿದ್ದವನಿಗೆ ಒಂದು ಗಳಿಗೆ ದೀಪ ತೋರಿಸಿ ಆರಿಸಿದಂತಾಗುವದು. ವೈದ್ಯನಿಗೆ ಮಾತ್ರ ಆ ಮರಳಿ ಬಂದ ನೋವೇ ಒಳ್ಳೆಯ ಲಕ್ಷಣ. ಗುರಿ ತಪ್ಪಿಲ್ಲವೆಂಬದಕ್ಕೆ ಅದು ಆಧಾರ.

ಸುಡುವ ದಿವಸ ರೋಗಿಯು ಬೋರಲಾಗಿ ಮಲಗಬೇಕು. ತೊಡೆಗೆ ಒಂದು ಪಟ್ಟಿಯನ್ನು ಅಂಟಿಸುವರು. ಚರ್ಮವನ್ನು ಮರಗಟ್ಟಿಸಿ, ಕ್ಷಕಿರಣದ ಯಂತ್ರದಲ್ಲಿ ನೋಡುತ್ತ, ತುದಿಯೊಂದನ್ನು ಬಿಟ್ಟು ಉಳಿದೆಲ್ಲ ಭಾಗಕ್ಕೆ ಹೊದಿಕೆಯುಳ್ಳ ಸೂಜಿಯನ್ನು ನರದ ಮಗ್ಗುಲಿಗೆ ಒಯ್ಯುವರು. ಪೂರ್ಣ ನಿದ್ದೆ ಮಾಡಿಸುವದಿಲ್ಲ; ಅದಕ್ಕೆ ಕಾರಣವಿದೆ. ಮೊದಲು ಸೂಜಿಯಲ್ಲಿ ಸಣ್ಣ ಪ್ರಮಾಣದ ವಿದ್ಯುತ್ತನ್ನು ಸೆಕೆಂಡಿಗೆ ೫೦ ಕಂಪನಗಳಂತೆ ಹರಿಸಿ, ದಿನದ ನೋವಿನ ಜಾಗದಲ್ಲಿಯೇ ಜುಮ್ಮೆನ್ನುವದೋ ಎಂದು ಕೇಳುವರು. ಬಳಿಕ ಸೆಕೆಂಡಿಗೆ ೨ರಂತೆ ಹರಿಸಿ ಕಾಲು ಅದುರುವದೋ ಎಂದು ನೋಡುವರು. ಕಾಲು ಅದುರಿದರೆ ಸೂಜಿಯು ಚಲನೆಯ ನರಕ್ಕೆ ತೀರ ಸಮೀಪವಾಯಿತೆಂದು ಅರ್ಥ, ಅದನ್ನು ಸರಿಸಲೇಬೇಕು. ರೋಗಿಯ ಮಾತೇ ಇಲ್ಲಿ ವೈದ್ಯನ ಕಣ್ಣು. ಎಲ್ಲ ಸರಿಯಾದ ಮೇಲೆ ಸೂಜಿಯ ತುದಿಯನ್ನು ಸುಮಾರು ೮೦ ಡಿಗ್ರಿ ಸೆಲ್ಸಿಯಸ್ ಕಾವಿಗೆ ತಂದು ಒಂದೂವರೆ ನಿಮಿಷದಷ್ಟು ಹೊತ್ತು ಹಿಡಿಯುವರು. ಕುದಿಯುವ ನೀರಿಗಿಂತ ಅದು ಕಡಿಮೆ ಕಾವೇ. ಆದರೂ ಒಂದು ಎಳೆನರದ ಬಾಯಿ ಕಟ್ಟಲು ಸಾಕು.

ಅಂದೇ ಸಂಜೆ ಮನೆಗೆ ಬಂದ ನೇಕಾರನಿಗೆ ಸುಖವೇನೂ ಕಾಣಲಿಲ್ಲ. ಸೂಜಿ ಚುಚ್ಚಿದ ಜಾಗದಲ್ಲಿ ಬಿಸಿಲಿಗೆ ಸುಟ್ಟಂಥ ಉರಿ ಹತ್ತು ದಿವಸ ನಿಂತಿತು. “ರೊಕ್ಕ ನೀರಾಗ ಹೋತು” ಎಂದು ಮಗನು ಗೊಣಗಿದನು. ಮೂರನೆಯ ವಾರದಲ್ಲಿ ಒಂದು ಬೆಳಗ್ಗೆ ಹೆಂಡತಿಯು ಒಲೆಯ ಮುಂದಿನಿಂದ ಹೊರಳಿ ನೋಡಿದಾಗ ಗಂಡನು ಹಾಸಿಗೆಯನ್ನು ತಾನೇ ಸುತ್ತಿ ಇಡುತ್ತಿದ್ದನು. ಬಾಯಿಂದ ‘ಯವ್ವಾ’ ಎಂಬ ಶಬ್ದ ಬಂದಿರಲಿಲ್ಲ. ಬಂದಿಲ್ಲವೆಂಬದು ಅವನಿಗಿಂತ ಮೊದಲು ಅವಳಿಗೇ ತಿಳಿಯಿತು. ಎರಡು ಮೂರು ವಾರಗಳಲ್ಲಿ ಗುಣ ಕಾಣುವದು ಈ ಚಿಕಿತ್ಸೆಯ ಸಾಮಾನ್ಯ ರೀತಿಯೆಂಬದನ್ನು ಮನೆಯವರೆಲ್ಲರೂ ಮೊದಲೇ ತಿಳಿದಿದ್ದರೆ ಆ ನಡುವಿನ ದಿವಸಗಳ ಕಹಿ ಮಾತುಗಳು ಉಳಿಯುತ್ತಿದ್ದವು.

ಮತ್ತೆ ತೋರಿಸಲು ಹೋದಾಗ ಅವನು, “ಇನ್ನ ಇದು ಕಾಯಮ್ಮೇನ್ರಿ?” ಎಂದು ಕೇಳಿದನು. ವೈದ್ಯರು ಇಲ್ಲವೆಂದರು. ಸುಟ್ಟ ನರವು ತನ್ನ ಹಳೆಯ ಹಾದಿಯನ್ನು ಹಿಡಿದು ಮೆಲ್ಲಗೆ ಬೆಳೆದು ಮತ್ತೆ ಕೀಲನ್ನು ಮುಟ್ಟುವದು. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರುಷ, ಕೆಲವರಿಗೆ ಅದಕ್ಕೂ ಹೆಚ್ಚು. ಆಗ ಬೇಕಾದರೆ ಇನ್ನೊಮ್ಮೆ ಮಾಡಬಹುದು. ನೇಕಾರನು ಸ್ವಲ್ಪ ಹೊತ್ತು ಸುಮ್ಮನಿದ್ದನು. “ಸೆರಗಿನ ಹಾಸಿಗೆ ಮೈಯ ಹಾಸು ಕೊಂಡಿ ಹಾಕಿ ಕೂಡಸ್ತೀವಲ್ರೀ, ಹಂಗ ಅದು ತಾನ ಕೂಡಕೊಳ್ತೈತಿ ಅನ್ರಿ” ಎಂದನು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ರೇಶಿಮೆಯ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವದು ವಾಡಿಕೆ. ವೈದ್ಯರಿಗೆ ಆ ಹೋಲಿಕೆ ಹಿಡಿಸಿತು. “ಅದು ಕೂಡಕೊಳ್ಳೂದ್ರೊಳಗ ನೀವು ಬೆನ್ನು ಗಟ್ಟಿ ಮಾಡಕೋಬೇಕು, ಯಜಮಾನ್ರ. ಈ ತಿಂಗಳು ಅದಕ್ಕ ಸಿಕ್ಕಾವು” ಎಂದರು.

ಈ ಚಿಕಿತ್ಸೆಯ ಮರ್ಮವೆಲ್ಲ ಆ ಮಾತಿನಲ್ಲಿದೆ. ಸವೆದ ಕೀಲು ಹಾಗೆಯೇ ಇರುವದು. ಸುದ್ದಿ ಬರುವದಿಲ್ಲವೆಂದು ಬಣವಿಯ ಬೆಂಕಿ ಆರಿತೆಂದು ತಿಳಿಯುವ ಗೌಡನು ಜಾಣನಲ್ಲ. ನೋವಿಲ್ಲದ ಸಂತೋಷದಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಕುಣಿಯಲ್ಲಿ ಕುಳಿತು, ಹಳೆಯ ಸಾಲವನ್ನೆಲ್ಲ ಒಂದೇ ವರುಷದಲ್ಲಿ ತೀರಿಸುವೆನೆಂದು ಹೊರಟವನ ಬೆನ್ನು ಇನ್ನಷ್ಟು ಸವೆಯುವದು. ಇಳಕಲ್ಲಿನ ಆ ನೇಕಾರನಿಗೂ ಆ ಆಸೆ ಇರಲಿಲ್ಲವೆಂದಲ್ಲ. ನೇಯ್ಗೆಯ ಕೂಲಿ ಸೀರೆಯ ಲೆಕ್ಕದಲ್ಲಿ ಬರತಕ್ಕದ್ದು. ಹೆಂಡತಿಯು ಅರ್ಧ ತಾಸಿಗೊಮ್ಮೆ ಕರೆದು ಎಬ್ಬಿಸಹತ್ತಿದಳು. ಮಗನು ಕುಳಿತುಕೊಳ್ಳುವ ಜಾಗಕ್ಕೆ ಒಂದು ಹಲಗೆಯ ಆನಿಕೆ ಮಾಡಿಕೊಟ್ಟನು. ಬೆಳಗಿನಲ್ಲಿ ಹೊಟ್ಟೆ ಬೆನ್ನುಗಳ ಸ್ನಾಯುಗಳಿಗೆ ವ್ಯಾಯಾಮ, ಸಂಜೆ ನಡಿಗೆ. ಹತ್ತನೆಯ ತಿಂಗಳಲ್ಲಿ ನೋವು ತಿರುಗಿ ತಲೆಯೆತ್ತಿದಾಗ ಅವನು ತಾನಾಗಿಯೇ, “ಈಗ ನಾಲ್ಕು” ಎಂದನು. ಎಂಟರ ಮನುಷ್ಯನಿಗೆ ನಾಲ್ಕು ಎಂಬದು ಸಣ್ಣ ಗಳಿಕೆಯಲ್ಲ.

ಎಲ್ಲರಿಗೂ ಇಷ್ಟು ದೊರೆಯುವದಿಲ್ಲ. ಹುನಗುಂದದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮೊಣಕಾಲಿನ ಮೂರು ನರಗಳನ್ನು ಸುಡಿಸಿಕೊಂಡು ಬಂದರು. ಕೀಲು ಬದಲಿಸುವ ಶಸ್ತ್ರಕ್ರಿಯೆಗೆ ಅವರ ಹೃದಯ ತಾಳದೆಂದು ಹೇಳಿದ್ದರಿಂದ ಇದೊಂದೇ ಹಾದಿ ಉಳಿದಿತ್ತು. ರಕ್ತ ತೆಳುವಾಗಿಸುವ ಗುಳಿಗೆಯ ಸಂಗತಿಯನ್ನು ಮೊದಲೇ ತಿಳಿಸಿ, ವೈದ್ಯರು ಹೇಳಿದಂತೆ ನಡೆದುಕೊಂಡರು. ಪರೀಕ್ಷೆಯ ಸೂಜಿಯಿಂದ ಒಳ್ಳೆಯ ಗುಣ ಕಂಡಿತ್ತು. ಸುಟ್ಟ ಮೇಲೆ ಕಂಡ ಗುಣ ಅರೆಬರೆ. ಎರಡು ತಿಂಗಳಾದ ಮೇಲೆ ಅದೂ ಕರಗಿತು. ಅವರಿಗೆ ನೋವಿಗಿಂತ ಹೆಚ್ಚಾಗಿ ನಾಟಿದ್ದು ನೆರೆಯವರ ಮಾತು: “ಅಷ್ಟು ದೊಡ್ಡ ಇಲಾಜು ಮಾಡಿಸಿದ್ರೂ ನೋವು ಅಂತೀರಲ್ರೀ, ಟೀಚರ್ರ; ಮನಸಿನ್ಯಾಗಿಂದೇ ಇರಬೇಕು.” ಚಿಕಿತ್ಸೆ ಸೋತರೆ ರೋಗಿಯನ್ನೇ ಸಂಶಯಿಸುವದು ಲೋಕದ ಹಳೆಯ ಚಾಳಿ.

ಶಾಸ್ತ್ರಜ್ಞರಲ್ಲಿಯೂ ಈ ವಿಷಯದಲ್ಲಿ ಒಮ್ಮತವಿಲ್ಲ. ನೆದರ್ಲೆಂಡ್ಸಿನಲ್ಲಿ ಬಹುಕಾಲದ ಸೊಂಟನೋವಿನ ೬೮೧ ರೋಗಿಗಳ ಮೇಲೆ ನಡೆದ ಮೂರು ಪರೀಕ್ಷೆಗಳ ಫಲವು ೨೦೧೭ರಲ್ಲಿ ಪ್ರಕಟವಾಯಿತು. ವ್ಯಾಯಾಮದ ಸಂಗಡ ನರ ಸುಡಿಸಿಕೊಂಡವರಿಗೂ ಬರಿಯ ವ್ಯಾಯಾಮ ಮಾಡಿದವರಿಗೂ ಮೂರು ತಿಂಗಳ ಮೇಲೆ ಗಣನೆಗೆ ತೆಗೆದುಕೊಳ್ಳುವಂಥ ಅಂತರ ಕಂಡುಬರಲಿಲ್ಲ. ರೋಗಿಗಳ ಆಯ್ಕೆಯಲ್ಲಿಯೂ ಸೂಜಿಯನ್ನು ನಿಲ್ಲಿಸಿದ ರೀತಿಯಲ್ಲಿಯೂ ಸಾಕಷ್ಟು ಬಿಗಿ ಇರಲಿಲ್ಲವೆಂದು ಅನೇಕ ನೋವಿನ ವೈದ್ಯರು ಆಕ್ಷೇಪಿಸಿದರು. ವಾದ ಹೇಗೇ ಇರಲಿ, ಗೃಹಸ್ಥನು ಅದರಿಂದ ತಿಳಿಯತಕ್ಕದ್ದು ಎರಡು ಸಂಗತಿ: ಸರಿಯಾಗಿ ಆರಿಸಿದ ರೋಗಿಗೆ ಮಾತ್ರ ಈ ಸೂಜಿ ತಕ್ಕದ್ದು, ವ್ಯಾಯಾಮವನ್ನು ಬಿಟ್ಟರೆ ಅದರ ಬೆಲೆ ಬಹಳ ಕಡಿಮೆ. ಶಿಕ್ಷಕಿಯವರು ತೂಕವನ್ನು ಸ್ವಲ್ಪ ಇಳಿಸಿ, ತೊಡೆಯ ಸ್ನಾಯುಗಳನ್ನು ಬಲಪಡಿಸಿ, ಕೋಲು ಹಿಡಿಯುವ ನಾಚಿಕೆಯನ್ನು ಬಿಟ್ಟು ಈಗ ಸಂತೆಗೆ ತಾವೇ ಹೋಗಿ ಬರುವರು. ನೋವು ಐದರಲ್ಲಿದೆ. ಅದನ್ನು ಕೇಳಿದವರಿಗೆ ಅವರು ಐದೆಂದೇ ಹೇಳುವರು. ಕೇಳದವರಿಗೆ ಏನನ್ನೂ ಹೇಳುವದಿಲ್ಲ.

ಬಾದಾಮಿಯ ಬಳಿಯ ಬನಶಂಕರಿಯಲ್ಲಿ ಪುಷ್ಯ ಮಾಸದ ಹುಣ್ಣಿಮೆಗೆ ಜಾತ್ರೆ ನೆರೆದಾಗ ನಾಟಕ ಕಂಪನಿಗಳ ತಂಬುಗಳು ಸಾಲಾಗಿ ಏಳುವವು. ಅಲ್ಲಿ ಬಹುಕಾಲ ಪಾತ್ರ ಮಾಡಿದ ಒಬ್ಬ ಮುದಿ ನಟನಿಗೆ ಬಲಗೆನ್ನೆಯಲ್ಲಿ ಮಿಂಚು ಹೊಡೆದಂಥ ನೋವು. ಗಾಳಿ ತಗಲಿದರೆ, ಗಡ್ಡ ಬೋಳಿಸಿದರೆ, ತುತ್ತು ಅಗಿದರೆ, ಮಾತನಾಡಿದರೂ ಬರುವದು. ಕೆಲವು ಸೆಕೆಂಡುಗಳಷ್ಟೇ ಇದ್ದು ಮತ್ತೆ ಮತ್ತೆ ಬರುವದು. ಮುಖದ ನರಶೂಲೆ ಎಂಬದು ಇದೇ. ಕಾರ್ಬಮಾಜೆಪೀನ್ ಎಂಬ ಗುಳಿಗೆ ಇದಕ್ಕೆ ಮೊದಲ ಮದ್ದು. ಕೆಲವು ವರುಷ ಅದು ಕಾಯ್ದಿತು; ಬರಬರುತ್ತ ಹೆಚ್ಚು ಗುಳಿಗೆಯಿಂದ ತೂಕಡಿಕೆ ಬಂದು ಮಾತುಗಳು ಮರೆತುಹೋಗಹತ್ತಿದವು. ಆಗ ಕೆನ್ನೆಯ ಮೂಲಕ ಸೂಜಿ ಹೋಯಿತು. ಸುಡುವ ಮೊದಲು ವೈದ್ಯರು ಸ್ಪಷ್ಟವಾಗಿ ಕೇಳಿದ್ದರು: “ನೋವು ಹೋದೀತು, ಆದರ ಆ ಮಗ್ಗಲು ಜೋಮು ಹಿಡಿದ್ಹಂಗ ಆಗಬಹುದು. ನಡೀತದೇನ್ರಿ?” ಅವನು ಒಪ್ಪಿದನು. ಈಗ ಮಿಂಚು ಇಲ್ಲ. ಬಲಗೆನ್ನೆಗೆ ಬಣ್ಣ ಹಚ್ಚಿದ್ದು ಕನ್ನಡಿ ನೋಡಿಯೇ ಅವನಿಗೆ ತಿಳಿಯಬೇಕು. ಆ ಕಣ್ಣಿಗೆ ಕಸ ಬಿದ್ದರೆ ಗೊತ್ತಾಗದೆಂದು ಎಚ್ಚರದಿಂದ ಇರಬೇಕು. ಆದರೆ ಒಂದು ಪ್ರವೇಶದ ಮಾತುಗಳನ್ನು ಅವನು ತಡೆಯಿಲ್ಲದೆ ಮುಗಿಸಬಲ್ಲನು. ಈ ವಿನಿಮಯದಲ್ಲಿ ಗೆದ್ದವರಾರು, ಸೋತವರಾರು ಎಂಬದನ್ನು ಅವನ ಹೊರತು ಯಾರೂ ನಿರ್ಣಯಿಸಲಾರರು.

ಈ ಮೂವರ ಅನುಭವದಲ್ಲಿ ಸಾಮಾನ್ಯವಾದ ಅಂಶವೊಂದಿದೆ. ಸೂಜಿಯು ನರದ ಬಾಯನ್ನು ಕಟ್ಟಬಲ್ಲದು. ನೋವಿನಿಂದ ಮನುಷ್ಯನಿಗೆ ಒದಗಿದ ಏಕಾಂತವನ್ನು ಅದು ಬಿಡಿಸಲಾರದು. ನೋವಿನ ಅಧ್ಯಯನಕ್ಕಾಗಿರುವ ಅಂತರರಾಷ್ಟ್ರೀಯ ಸಂಘವು ತನ್ನ ೧೯೭೯ರ ವ್ಯಾಖ್ಯೆಯನ್ನು ೨೦೨೦ರಲ್ಲಿ ತಿದ್ದಿದಾಗ, ತನಗೆ ನೋವಿದೆಯೆಂದು ಒಬ್ಬನು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದು ಟಿಪ್ಪಣಿಯಲ್ಲಿ ಬರೆಯಿತು. ಲೋಕದ ಪಂಡಿತರು ಕೂಡಿ ಅಷ್ಟನ್ನು ಬರೆಯಬೇಕಾಯಿತೆಂದರೆ ಅದು ಎಷ್ಟು ಅಪರೂಪವಾಗಿತ್ತೆಂಬದು ತಿಳಿಯುವದು. ಇಳಕಲ್ಲಿನ ಆ ಗೃಹಿಣಿಯು ‘ಎಂಟು’ ಎಂದು ಹೇಳಿದಾಗ ಯಾವ ವ್ಯಾಖ್ಯೆಯನ್ನೂ ಓದಿರಲಿಲ್ಲ. ಗಂಡನು ರಾತ್ರಿ ಮಗ್ಗುಲು ಹೊರಳುವದನ್ನು ನಾಲ್ಕು ವರುಷ ಕೇಳಿದ್ದಳು, ಅಷ್ಟೇ. ನರ ಸುಡಿಸುವದು ಬಿಡುವದು ವೈದ್ಯರ ವಿಚಾರ. ಮನೆಯಲ್ಲಿ ಯಾರಾದರೂ ನೋಯುತ್ತಿದೆ ಎಂದಾಗ ಚಿತ್ರವನ್ನು ಕೇಳುವ ಮೊದಲು ಕುಳಿತುಕೊಳ್ಳಲು ಒಂದು ಆನಿಕೆಯ ಹಲಗೆಯನ್ನು ಕೊಡುವದು ಎಲ್ಲರಿಂದಲೂ ಆಗತಕ್ಕ ಕೆಲಸ.